ಲೋಂಗೇವಾಲಾ ಡಯೋರಾಮಾ: ಮರಳು ಸೋಸಿಯೇ ಹಾಕಿ

1971ರ ಡಿಸೆಂಬರಿನಲ್ಲಿ ರಾಜಸ್ಥಾನದ ಮರಳುಗಾಡಿನಲ್ಲಿ ಭಾರತ-ಪಾಕಿಸ್ತಾನ ನಡುವೆ ನಡೆದ ಲೋಂಗೇವಾಲಾ ಕದನದ ಡಯೋರಾಮಾವನ್ನು (ಪುಟ್ಟ ಮಾದರಿಗಳ ದೃಶ್ಯ) 1/35 ಅಳತೆಯಲ್ಲಿ ಮಾಡುವವರಿಗೆ ಒಂದು ಮಾತು. ಮನೆ ಕಟ್ಟುವ ಮರಳನ್ನು ಸುಮ್ನೆ ಸುರಿಯಬೇಡಿ. ಈ ಅಳತೆಯಲ್ಲಿ 1 ಮಿ.ಮೀ. ಕಾಳು ಅಂದ್ರೆ 35 ಮಿ.ಮೀ. ಜಲ್ಲಿಕಲ್ಲು! ನನ್ನ ಮೊದಲ ಮರಳುಗಾಡು ರಸ್ತೆ ಕಾಮಗಾರಿ ತರಹ ಕಾಣುತ್ತಿತ್ತು. ತೆಳು ಬಟ್ಟೆಯಲ್ಲಿ ಸೋಸಿ, ಕೆಳಗೆ ಉದುರಿದ ಪುಡಿಯನ್ನಷ್ಟೇ ಬಳಸಿ.

ತಳದ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಸಿಯಾಗಿರುವಾಗಲೇ ಟ್ಯಾಂಕ್ ಮಾದರಿಯ ಕಿಟ್‌ನಲ್ಲಿ ಉಳಿದ ಟ್ರ್ಯಾಕ್ (ಚಕ್ರಗಳ ಸುತ್ತಲಿನ ಪಟ್ಟಿ) ತುಂಡನ್ನು ಒತ್ತಿ ಗುರುತು ಮೂಡಿಸಿ. ಆ ಕದನದಲ್ಲಿ ಪಾಕಿಸ್ತಾನದ ಟ್ಯಾಂಕ್‌ಗಳು ಮರಳಲ್ಲಿ ಹೂತುಹೋಗಿದ್ದವು, ಅಲ್ವಾ? ಅವರ ಒಂದು ಟಿ-59 ಟ್ಯಾಂಕನ್ನಾದರೂ ಚಕ್ರದ ಅರ್ಧದವರೆಗೆ ಇಳಿಸಿ. ಒಣಗಿದ ಮೇಲೆ ನೀರು ಬೆರೆಸಿದ ಫೆವಿಕಾಲ್ ಹಚ್ಚಿ ಮರಳು ಉದುರಿಸಿ. ಟ್ಯಾಂಕಿನ ಕೆಳಭಾಗಕ್ಕೂ ಅದೇ ಬಣ್ಣದ ಧೂಳು ಬೇಕು. ಇಲ್ಲದಿದ್ದರೆ ಈಗಷ್ಟೇ ಶೋರೂಮಿನಿಂದ ಬಂದ ಹಾಗಿರುತ್ತದೆ.