ಒಂದೇ ಹೆಸರಿನ ಎರಡು ಕಮಾಂಡ್: ಓಗೊಟ್ಟವರು ಯಾರು ಅಂತ ಮೊದಲು ನೋಡಿ

ಕಲಬುರಗಿಯ ಸ್ಟೇಷನ್ ರಸ್ತೆ ಹತ್ತಿರದ ಓಣಿಯೊಂದರಲ್ಲಿ ನಾನು ಸಂಜೆ ಹೊತ್ತು ಹುಡುಗರಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಮೊನ್ನೆ ಚಿತ್ತಾಪುರ ಕಡೆಯ ಹುಡುಗನೊಬ್ಬ ಹಳೇ ಲ್ಯಾಪ್‌ಟಾಪ್ ಬಗಲಲ್ಲಿ ಹಿಡಿದುಕೊಂಡು ಬಂದ. ನೌಕರಿ ಅರ್ಜಿಗೆ ಫೋಟೊ ಸಣ್ಣದು ಮಾಡಬೇಕಿತ್ತು. ಮರುದಿನವೇ ಕೊನೇ ದಿನ. "ಮೂರ್ ಸಲ ತಗದು ಹಾಕೀನ್ರಿ ಅಣ್ಣಾ, ಆದ್ರೂ ನಡೀವಲ್ದು" ಅಂದ. ರಾತ್ರಿಯೆಲ್ಲಾ ನಿದ್ದೆ ಇರಲಿಲ್ಲ ಅನ್ನೋದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಅವನು ತಂದಿದ್ದು ಇಮೇಜ್‌ಮ್ಯಾಜಿಕ್. ಕಮಾಂಡ್ ಕೊಟ್ಟು ಫೋಟೊಗಳ ಅಳತೆ ಬದಲಿಸುವ ಸಾಧನ ಅದು, ಪುಕ್ಕಟೆ ಸಿಗುತ್ತದೆ. ಇನ್‌ಸ್ಟಾಲ್ ಮಾಡದೇ ನಡೆಯುವ ಪೋರ್ಟಬಲ್ ಪ್ರತಿಯನ್ನು ಡಿ ಡ್ರೈವಿನ ಫೋಲ್ಡರಿಗೆ ಬಿಚ್ಚಿ ಹಾಕಿದ್ದ. ಪುಸ್ತಕದಲ್ಲಿ ಇದ್ದ ಹಾಗೇ 'ಕನ್ವರ್ಟ್' ಅಂತ ಬರೆದು, ಫೋಟೊ ಹೆಸರು ಕೊಟ್ಟು, ಮುಂದೆ '-ರೀಸೈಜ್ 200' ಅಂತ ಬರೆದು, ಕೊನೆಗೆ ಹೊಸ ಫೋಟೊದ ಹೆಸರು ಟೈಪ್ ಮಾಡುತ್ತಿದ್ದ. ಪ್ರತಿ ಸಲ ಬರುತ್ತಿದ್ದದ್ದು ಒಂದೇ ಉತ್ತರ: ಇನ್‌ವ್ಯಾಲಿಡ್ ಪ್ಯಾರಾಮೀಟರ್. ಮೊದಲು ಸ್ಪೆಲ್ಲಿಂಗ್ ತಪ್ಪಿರಬೇಕು ಅಂದುಕೊಂಡ. ಆಮೇಲೆ ಡೌನ್‌ಲೋಡ್ ಕೆಟ್ಟಿದೆ ಅಂದುಕೊಂಡ. ಕೊನೆಗೆ ಲ್ಯಾಪ್‌ಟಾಪೇ ಹೋಯಿತು ಅಂತ ಕೂತುಬಿಟ್ಟಿದ್ದ.

ಮೂರೂ ಅಲ್ಲ. ಅವನು ಕರೆದದ್ದು ಇಮೇಜ್‌ಮ್ಯಾಜಿಕ್‌ನ ಕನ್ವರ್ಟನ್ನು. ಓಗೊಟ್ಟದ್ದು ವಿಂಡೋಸ್‌ನ ಕನ್ವರ್ಟ್. ವಿಂಡೋಸ್‌ನಲ್ಲಿ ಅದೇ ಹೆಸರಿನ ಇನ್ನೊಂದು ಕಮಾಂಡ್ ಮೊದಲಿನಿಂದಲೂ ಇದೆ. ಫ್ಯಾಟ್ ಮಾದರಿಯ ಡಿಸ್ಕನ್ನು ಎನ್‌ಟಿಎಫ್‌ಎಸ್‌ಗೆ ಬದಲಿಸುವುದು ಅದರ ಕೆಲಸ (ಎರಡೂ ಡಿಸ್ಕಿನಲ್ಲಿ ಫೈಲು ಜೋಡಿಸಿಡುವ ಪದ್ಧತಿಗಳು). ಫೋಟೊ ಅಂದರೆ ಏನು ಅಂತಲೇ ಅದಕ್ಕೆ ಗೊತ್ತಿಲ್ಲ.

ಬೀದರ್ ಜಿಲ್ಲೆಯವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಔರಾದ್ ಬಿ ಇದೆ, ಔರಾದ್ ಎಸ್ ಕೂಡ ಇದೆ. ಸುಮ್ನೆ 'ಔರಾದ್' ಅಂದರೆ ಕೇಳಿದವರು ತಾಲ್ಲೂಕು ಕೇಂದ್ರವಾದ ಔರಾದ್ ಬಿ ಅಂತಲೇ ತಿಳಿಯುತ್ತಾರೆ. ಇನ್ನೊಂದಕ್ಕೆ ಹೋಗುವವರು 'ಎಸ್' ಸೇರಿಸಿಯೇ ಹೇಳಬೇಕು. ಕಂಪ್ಯೂಟರಿಗೂ ಹಾಗೇ. ಬರೀ ಹೆಸರು ಹೇಳಿದರೆ ಅದಕ್ಕೆ ಮೊದಲು ಸಿಕ್ಕಿದ್ದನ್ನೇ ಕರೆಯುತ್ತದೆ.

ಮುಂದೆ ಓದುವ ಮೊದಲು ಒಂದು ಮಾತು. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ನೀವು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಹಂತ 1: ತೆಗೆದು ಹಾಕುವುದನ್ನು ನಿಲ್ಲಿಸಿ

ಮತ್ತೆ ಇನ್‌ಸ್ಟಾಲ್ ಮಾಡಿದರೆ ಕೆಟ್ಟ ಫೈಲುಗಳು ಸರಿ ಹೋಗಬಹುದು. ಇಲ್ಲಿ ಫೈಲು ಕೆಟ್ಟಿಲ್ಲ, ಕಂಪ್ಯೂಟರ್ ಹುಡುಕುವ ಸರದಿ ಬೇರೆ ಇದೆ ಅಷ್ಟೇ. ಹತ್ತು ಸಲ ಹಾಕಿದರೂ ಸರದಿ ಬದಲಾಗುವುದಿಲ್ಲ.

ಇದು ಹೆಸರಿನ ಗೊಂದಲವೇ ಅಂತ ಗುರುತಿಸಲು ಕೆಲವು ಸುಳಿವುಗಳಿವೆ. ಪುಸ್ತಕದಲ್ಲಿರುವ ಆಯ್ಕೆಯನ್ನೇ ಕೊಟ್ಟರೂ 'ಇದು ನನಗೆ ಗೊತ್ತಿಲ್ಲ' ಅನ್ನುತ್ತದೆ. ಇವತ್ತು ಹೊಸದು ಹಾಕಿದ್ದೀರಿ, ಆದರೆ ಅದು ಹಳೇ ಆವೃತ್ತಿಯ ಸಂಖ್ಯೆ ತೋರಿಸುತ್ತದೆ. ಅಥವಾ ಪೂರ್ತಿ ತೆಗೆದುಹಾಕಿದ ಮೇಲೂ ಆ ಹೆಸರಿಗೆ ಯಾರೋ ಓಗೊಡುತ್ತಾರೆ. ಈ ಮೂರರಲ್ಲಿ ಒಂದು ಕಂಡರೂ ಮುಂದಿನ ಹಂತಕ್ಕೆ ಬನ್ನಿ.

ಹಂತ 2: ಓಗೊಡುತ್ತಿರುವವರು ಯಾರು ಅಂತ ಕೇಳಿ

ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು 'ವೇರ್ ಕನ್ವರ್ಟ್' ಅಂತ ಟೈಪ್ ಮಾಡಿ. ಆ ಹುಡುಗನ ಪರದೆಯಲ್ಲಿ ಎರಡು ಸಾಲು ಬಂದವು. ಮೊದಲ ಸಾಲು: ಸಿ ಡ್ರೈವ್, ವಿಂಡೋಸ್, ಸಿಸ್ಟಮ್32, ಕನ್ವರ್ಟ್. ಎರಡನೇ ಸಾಲು: ಡಿ ಡ್ರೈವ್, ಅವನ ಫೋಲ್ಡರ್, ಕನ್ವರ್ಟ್. ಅವನು ಎರಡನೇ ಸಾಲಿನ ಮೇಲೆ ಬೆರಳಿಟ್ಟು "ನಂದು ಇಲ್ಲೇ ಅದಲ್ರಿ" ಅಂದ. ಹೌದು, ಇದೆ. ಆದರೆ ಅದು ಎರಡನೆಯದು. ನಡೆಯುವುದು ಮೊದಲ ಸಾಲಿನದು.

ನೀವು ಪವರ್‌ಶೆಲ್‌ನಲ್ಲಿದ್ದರೆ (ವಿಂಡೋಸ್‌ನ ಇನ್ನೊಂದು ಕಮಾಂಡ್ ಕಿಟಕಿ ಅದು) ಜಾಗ್ರತೆ. ಅಲ್ಲಿ 'ವೇರ್' ಅಂದರೆ ಪವರ್‌ಶೆಲ್‌ನದೇ ಬೇರೆ ಕಮಾಂಡಿನ ಚಿಕ್ಕ ಹೆಸರು. ಹೀಗಾಗಿ ಹುಡುಕುವ ಸಾಧನವೇ ಹೆಸರಿನ ಗೊಂದಲಕ್ಕೆ ಸಿಕ್ಕಿಬೀಳುತ್ತದೆ. 'ವೇರ್' ಕೊನೆಗೆ '.ಇಎಕ್ಸ್‌ಇ' ಸೇರಿಸಿ, ಇಲ್ಲವೇ 'ಗೆಟ್-ಕಮಾಂಡ್ ಕನ್ವರ್ಟ್ -ಆಲ್' ಅಂತ ಕೇಳಿ. ವಿಂಡೋಸ್ ಜೊತೆ ಬರುವ ಹಳೇ ಪವರ್‌ಶೆಲ್‌ನಲ್ಲಿ ಇಂಟರ್‌ನೆಟ್‌ನಿಂದ ಫೈಲು ತರುವ 'ಕರ್ಲ್' ಕೂಡ ಹೀಗೇ: ಹೆಸರು ಕರ್ಲ್, ಒಳಗೆ ಕೆಲಸ ಮಾಡುವುದು ಇನ್‌ವೋಕ್-ವೆಬ್‌ರಿಕ್ವೆಸ್ಟ್. ನಿಜವಾದ ಕರ್ಲ್ ಬೇಕಿದ್ದರೆ ಅದಕ್ಕೂ '.ಇಎಕ್ಸ್‌ಇ' ಹಚ್ಚಬೇಕು.

ಉಬುಂಟು ಅಥವಾ ಬೇರೆ ಲಿನಕ್ಸ್ ಇದ್ದರೆ 'ಟೈಪ್ -ಎ' ಬರೆದು, ಮುಂದೆ ಕಮಾಂಡಿನ ಹೆಸರು ಕೊಡಿ. ತುಂಬ ಜನ 'ವಿಚ್' ಬಳಸುತ್ತಾರೆ. ನನಗೆ ಟೈಪ್ ಮೇಲೇ ನಂಬಿಕೆ ಜಾಸ್ತಿ. ಬ್ಯಾಶ್‌ನಲ್ಲಿ (ಲಿನಕ್ಸ್‌ನಲ್ಲಿ ನಿಮ್ಮ ಕಮಾಂಡ್ ಓದಿ ನಡೆಸುವ ಶೆಲ್ ಅದು) ವಿಚ್‌ಗೆ ಕಾಣುವುದು ಫೈಲುಗಳು ಮಾತ್ರ. ಓಗೊಡುವವರು ಫೈಲೇ ಆಗಿರಬೇಕು ಅಂತೇನಿಲ್ಲ. ನೀವೇ ಎಂದೋ ಇಟ್ಟ ಅಲಿಯಾಸ್, ಅಂದರೆ ಅಡ್ಡಹೆಸರು ಇರಬಹುದು, ಫಂಕ್ಷನ್ ಇರಬಹುದು, ಶೆಲ್ ಒಳಗೇ ಇರುವ ಬಿಲ್ಟ್-ಇನ್ ಇರಬಹುದು. ಟೈಪ್ ಇವನ್ನೆಲ್ಲ ಸರದಿ ಪ್ರಕಾರ ತೋರಿಸುತ್ತದೆ.

ಈ ಬಿಲ್ಟ್-ಇನ್ ವಿಷಯದಲ್ಲಿ ಹೊಸಬರು ಪ್ರತಿ ವರ್ಷ ಕಣ್ಣೀರು ಹಾಕುವುದನ್ನು ನೋಡುತ್ತೇನೆ. ಸಿ ಭಾಷೆಯಲ್ಲಿ ಮೊದಲ ಪ್ರೋಗ್ರಾಂ ಬರೆಯುತ್ತಾರೆ. ಅದಕ್ಕೆ 'ಟೆಸ್ಟ್' ಅಂತ ಹೆಸರಿಡುತ್ತಾರೆ. ಕಂಪೈಲ್ ಚೆನ್ನಾಗಿ ಆಗುತ್ತದೆ. 'ಟೆಸ್ಟ್' ಅಂತ ಬರೆದು ಎಂಟರ್ ಒತ್ತಿದರೆ ಏನೂ ಬರುವುದಿಲ್ಲ. ತಪ್ಪು ಅಂತಲೂ ಹೇಳುವುದಿಲ್ಲ, ಸರಿ ಅಂತಲೂ ಹೇಳುವುದಿಲ್ಲ. ಪಾಪ, ಕೋಡನ್ನು ಅಳಿಸಿ ಮತ್ತೆ ಮೊದಲಿನಿಂದ ಬರೆಯುತ್ತಾ ಕೂರುತ್ತಾರೆ. ಅವರ ಕೋಡಿನಲ್ಲಿ ತಪ್ಪೇ ಇರುವುದಿಲ್ಲ. ಷರತ್ತು ಪರೀಕ್ಷಿಸುವ 'ಟೆಸ್ಟ್' ಅನ್ನೋ ಕಮಾಂಡ್ ಶೆಲ್ ಒಳಗೇ ಇದೆ, ಅದು ಓಗೊಟ್ಟು ಸುಮ್ಮನಾಗಿರುತ್ತದೆ. './ಟೆಸ್ಟ್' ಅಂತ ಬರೆದರೆ ಈ ಫೋಲ್ಡರಿನದೇ ಬೇಕು ಅಂತ ಅರ್ಥ. ಆಗ ಅವರ ಪ್ರೋಗ್ರಾಂ ಮಾತಾಡುತ್ತದೆ.

ಹಂತ 3: ಸರದಿ ಯಾರು ಇಟ್ಟರು?

ಕಂಪ್ಯೂಟರಿನಲ್ಲಿ 'ಪಾತ್' ಅಂತ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಫೋಲ್ಡರುಗಳ ಹೆಸರು ಒಂದರ ಮುಂದೆ ಒಂದು ಇರುತ್ತವೆ. ನೀವು ಕಮಾಂಡ್ ಕೊಟ್ಟಾಗ ಮೊದಲ ಫೋಲ್ಡರಿನಿಂದ ಹುಡುಕಲು ಶುರು. ಆ ಹೆಸರಿನದು ಸಿಕ್ಕ ತಕ್ಷಣ ಹುಡುಕಾಟ ಮುಗಿಯಿತು. ಮುಂದಿನ ಫೋಲ್ಡರಿನಲ್ಲಿ ಇನ್ನೂ ಒಳ್ಳೆಯದು ಇದೆಯಾ ಅಂತ ನೋಡುವುದಿಲ್ಲ.

ಪಟ್ಟಿ ನೋಡಲು ಕಮಾಂಡ್ ಪ್ರಾಂಪ್ಟಿನಲ್ಲಿ 'ಎಕೋ %ಪಾತ್%', ಲಿನಕ್ಸ್‌ನಲ್ಲಿ 'ಎಕೋ $ಪಾತ್' ಅಂತ ಬರೆಯಿರಿ. ಲಿನಕ್ಸ್‌ನಲ್ಲಿ ಪಾತ್ ಅನ್ನೋದನ್ನು ದೊಡ್ಡಕ್ಷರದಲ್ಲೇ ಬರೆಯಬೇಕು. ವಿಂಡೋಸ್‌ನಲ್ಲಿ ಹೆಸರುಗಳ ನಡುವೆ ಸೆಮಿಕೋಲನ್ ಇರುತ್ತದೆ, ಲಿನಕ್ಸ್‌ನಲ್ಲಿ ಕೋಲನ್. ಕಮಾಂಡ್ ಪ್ರಾಂಪ್ಟ್ ಈ ಪಟ್ಟಿಗಿಂತ ಮೊದಲು ನೀವು ನಿಂತಿರುವ ಫೋಲ್ಡರನ್ನೇ ನೋಡುತ್ತದೆ. ಲಿನಕ್ಸ್ ಹಾಗೆ ನೋಡುವುದಿಲ್ಲ, ಅದಕ್ಕೇ ಅಲ್ಲಿ './' ಬೇಕಾಗುವುದು.

ಈಗ ಹುಡುಗನ ವಿಷಯಕ್ಕೆ ಬರೋಣ. ಅವನು ತನ್ನ ಫೋಲ್ಡರನ್ನು ಪಾತ್‌ಗೆ ಸೇರಿಸಿದ್ದ, ಅದೂ ಎಲ್ಲಕ್ಕಿಂತ ಮೇಲೆ. ಆದರೂ ಎರಡನೆಯದಾಯಿತು. ಯಾಕೆ? ವಿಂಡೋಸ್‌ನಲ್ಲಿ ಪಾತ್ ಎರಡು ಭಾಗ: ಇಡೀ ಯಂತ್ರಕ್ಕೆ ಒಂದು, ಬಳಕೆದಾರನಿಗೆ ಒಂದು. ಎರಡನ್ನೂ ಜೋಡಿಸುವಾಗ ಯಂತ್ರದ ಭಾಗ ಮೊದಲು ಬರುತ್ತದೆ. ಬಳಕೆದಾರನ ಪಟ್ಟಿಯಲ್ಲಿ ನೀವು ಎಷ್ಟೇ ಮೇಲೆ ಇಟ್ಟರೂ ಯಂತ್ರದ ಭಾಗದಲ್ಲಿರುವ ವಿಂಡೋಸ್‌ನ ಸ್ವಂತ ಫೋಲ್ಡರ್ ಸಿಸ್ಟಮ್32 ನಿಮಗಿಂತ ಮುಂದೇ ಇರುತ್ತದೆ.

ಹಂತ 4: ಪೂರ್ತಿ ವಿಳಾಸ ಹೇಳಿ ಕರೆದು ನೋಡಿ

ಏನನ್ನೂ ಬದಲಿಸುವ ಮೊದಲು ಇದನ್ನು ಮಾಡಿ. 'ವೇರ್' ಕೊಟ್ಟ ಎರಡನೇ ಸಾಲನ್ನು ಹಾಗೇ ನಕಲು ಮಾಡಿ, ಉದ್ಧರಣ ಚಿಹ್ನೆಗಳ ನಡುವೆ ಅಂಟಿಸಿ, ಮುಂದೆ '-ವರ್ಶನ್' ಬರೆಯಿರಿ. ಹೆಚ್ಚಿನ ಸಾಧನಗಳಿಗೆ ವರ್ಶನ್ ಪದಕ್ಕೆ ಮೊದಲು ಎರಡು ಗೆರೆ ಬೇಕು, ಇಮೇಜ್‌ಮ್ಯಾಜಿಕ್‌ಗೆ ಒಂದೇ ಸಾಕು. ಪವರ್‌ಶೆಲ್‌ನಲ್ಲಿ ಈ ಸಾಲಿನ ಮೊದಲು '&' ಹಾಕಬೇಕು.

ಹುಡುಗ ಎಂಟರ್ ಒತ್ತಿದ. ಇಮೇಜ್‌ಮ್ಯಾಜಿಕ್ ತನ್ನ ಹೆಸರು, ಆವೃತ್ತಿ ಎಲ್ಲಾ ಹೇಳಿತು. ಮೂರು ದಿನದಿಂದ ಸರಿಯಾಗಿಯೇ ಕೂತಿದ್ದ ಸಾಧನ ಅದು. ಡೌನ್‌ಲೋಡ್ ಸರಿ, ಲ್ಯಾಪ್‌ಟಾಪ್ ಸರಿ ಅಂತ ಆಗ ಅವನಿಗೆ ಖಾತ್ರಿಯಾಯಿತು.

ಹಂತ 5: ಪರಿಹಾರ ಆರಿಸಿಕೊಳ್ಳಿ

ಮೊದಲೇ ಹೇಳಿಬಿಡುತ್ತೇನೆ. ಸಿಸ್ಟಮ್32 ಒಳಗಿನದನ್ನಾಗಲಿ, ಲಿನಕ್ಸ್‌ನ ಯುಎಸ್‌ಆರ್ ಬಿನ್ ಒಳಗಿನದನ್ನಾಗಲಿ ಅಳಿಸಬೇಡಿ, ಹೆಸರು ಬದಲಿಸಬೇಡಿ. ಅದನ್ನು ನಂಬಿಕೊಂಡ ಬೇರೆ ಪ್ರೋಗ್ರಾಂಗಳು ಇರುತ್ತವೆ. ನಿಮ್ಮ ಫೋಲ್ಡರನ್ನು ಸಿಸ್ಟಮ್32ಗಿಂತ ಮುಂದೆ ತಳ್ಳುವುದೂ ನನಗೆ ಸರಿ ಕಾಣುವುದಿಲ್ಲ. ವಿಂಡೋಸ್‌ನ 'ಫೈಂಡ್' ಪಠ್ಯದೊಳಗೆ ಪದ ಹುಡುಕುತ್ತದೆ, ಲಿನಕ್ಸ್ ಕಡೆಯ 'ಫೈಂಡ್' ಫೈಲುಗಳನ್ನು ಹುಡುಕುತ್ತದೆ. ಸರದಿ ತಿರುಗಿಸಿದರೆ ವಿಂಡೋಸ್‌ನದೇ ಬೇಕಿದ್ದ ಯಾವುದೋ ಬ್ಯಾಚ್ ಫೈಲು ಇನ್ನೊಂದು ದಿನ ಕೈಕೊಡುತ್ತದೆ. ಆಗ ಕಾರಣ ಹುಡುಕುವುದು ಇನ್ನೂ ಕಷ್ಟ.

ಇನ್ನೊಂದು ಎಚ್ಚರಿಕೆ. ಏನಾಗುತ್ತದೋ ನೋಡೋಣ ಅಂತ ವಿಂಡೋಸ್‌ನ ಕನ್ವರ್ಟ್‌ಗೆ ಡ್ರೈವಿನ ಅಕ್ಷರ ಕೊಟ್ಟು ಪ್ರಯೋಗ ಮಾಡಬೇಡಿ. ಎನ್‌ಟಿಎಫ್‌ಎಸ್‌ಗೆ ಬದಲಾದ ಡಿಸ್ಕನ್ನು ಆ ಕಮಾಂಡ್ ವಾಪಸ್ ಫ್ಯಾಟ್ ಮಾಡಿಕೊಡುವುದಿಲ್ಲ.

ಎಲ್ಲಕ್ಕಿಂತ ಒಳ್ಳೆಯದು, ಸಾಧನಕ್ಕೆ ಇನ್ನೊಂದು ಹೆಸರಿದ್ದರೆ ಅದನ್ನೇ ಬಳಸುವುದು. ಇಮೇಜ್‌ಮ್ಯಾಜಿಕ್‌ನ 7ನೇ ಆವೃತ್ತಿಯಲ್ಲಿ ಮುಖ್ಯ ಕಮಾಂಡ್ 'ಮ್ಯಾಜಿಕ್'. ಇಂಗ್ಲಿಷಿನಲ್ಲಿ ಕೊನೆಗೆ ಸಿ ಆದಮೇಲೆ ಕೆ ಇದೆ, ಮರೆಯಬೇಡಿ. ಹುಡುಗನ ಫೋಲ್ಡರಿನಲ್ಲೂ ಅದು ಇತ್ತು. ಕನ್ವರ್ಟ್ ಜಾಗದಲ್ಲಿ ಮ್ಯಾಜಿಕ್ ಅಂತ ಬರೆದ, ಉಳಿದದ್ದೆಲ್ಲ ಹಾಗೇ. ಪರದೆ ಏನೂ ಹೇಳದೆ ಮುಂದಿನ ಸಾಲಿಗೆ ಹೋಯಿತು. ಫೋಲ್ಡರ್ ತೆರೆದರೆ 200 ಪಿಕ್ಸೆಲ್ ಅಗಲದ ಫೋಟೊ ಕೂತಿತ್ತು.

ಉಬುಂಟುವಿನಲ್ಲಿ ಪ್ಯಾಕೇಜ್ ಮಾಡುವವರೇ ಕೆಲವಕ್ಕೆ ಬೇರೆ ಹೆಸರು ಕೊಟ್ಟಿರುತ್ತಾರೆ. ಫೈಲಿನ ಒಳಗಿರುವುದನ್ನು ತೋರಿಸುವ 'ಬ್ಯಾಟ್' ಅನ್ನೋದನ್ನು ಹಾಕಿದರೆ ಅದು 'ಬ್ಯಾಟ್‌ಕ್ಯಾಟ್' ಅಂತ ಬರುತ್ತದೆ, ಫೈಲು ಹುಡುಕುವ 'ಎಫ್‌ಡಿ' ಅನ್ನೋದು 'ಎಫ್‌ಡಿಫೈಂಡ್' ಅಂತ. ಡೆಬಿಯನ್ ಅನ್ನೋ ಲಿನಕ್ಸ್‌ನಲ್ಲಿ 'ನೋಡ್' ಅನ್ನೋ ಹೆಸರು ಹವ್ಯಾಸಿ ರೇಡಿಯೊದವರ ಸಾಧನಕ್ಕೆ ಮೊದಲೇ ಹೋಗಿತ್ತು. ಹೀಗಾಗಿ ಜಾವಾಸ್ಕ್ರಿಪ್ಟ್ ನಡೆಸುವ ನೋಡ್‌ಜೆಎಸ್ ಅಲ್ಲಿ ಎಷ್ಟೋ ವರ್ಷ 'ನೋಡ್‌ಜೆಎಸ್' ಅಂತ ಉದ್ದ ಹೆಸರಿನಲ್ಲೇ ನಡೆಯಿತು. ಹಳೇ ಪಾಠಗಳಲ್ಲಿ ಆ ಹೆಸರು ಕಂಡರೆ ಗಾಬರಿ ಬೇಡ.

ಬೇರೆ ಹೆಸರು ಇಲ್ಲವೇ? ಪೂರ್ತಿ ವಿಳಾಸ ಬಳಸಿ. ದಿನಾ ಬೇಕಿದ್ದರೆ ಲಿನಕ್ಸ್‌ನಲ್ಲಿ ನಿಮ್ಮದೇ ಹೊಸ ಹೆಸರಿನ ಅಲಿಯಾಸ್ ಮಾಡಿ, ಇದ್ದ ಹೆಸರಿನ ಮೇಲೆ ಮಾತ್ರ ಕೂರಿಸಬೇಡಿ.

ಇಂಜಿನಿಯರಿಂಗ್ ಹುಡುಗರಿಗೆ ಜಾಸ್ತಿ ಕಾಡುವುದು 'ಯಾರ್ನ್'. ಆ ಹೆಸರಿನವು ಮೂರಿವೆ. ಜಾವಾಸ್ಕ್ರಿಪ್ಟ್ ಪ್ಯಾಕೇಜ್ ತರುವ ಯಾರ್ನ್ ಒಂದು, ದೊಡ್ಡ ಪ್ರಮಾಣದ ಡೇಟಾ ನಿಭಾಯಿಸುವ ಹಡೂಪ್‌ನ ಯಾರ್ನ್ ಒಂದು, ಉಬುಂಟುವಿನ 'ಸಿಎಂಡಿಟೆಸ್ಟ್' ಪ್ಯಾಕೇಜಿನ ಜೊತೆ ಬರುವುದು ಇನ್ನೊಂದು. ಯಾರ್ನ್ ಅಂತ ಬರೆದಾಗ 'ದೇರ್ ಆರ್ ನೋ ಸಿನಾರಿಯೋಸ್' ಅನ್ನೋ ತಪ್ಪು ಬಂದರೆ ಓಗೊಟ್ಟದ್ದು ಈ ಮೂರನೆಯದು. ನಿಮಗೆ ಅದರ ಕೆಲಸ ಇಲ್ಲದಿದ್ದರೆ 'ಸಿಎಂಡಿಟೆಸ್ಟ್' ಪ್ಯಾಕೇಜನ್ನು ಆಪ್ಟ್ (ಉಬುಂಟುವಿನಲ್ಲಿ ಸಾಫ್ಟ್‌ವೇರ್ ಹಾಕುವ, ತೆಗೆಯುವ ಕಮಾಂಡ್) ಮೂಲಕ ತೆಗೆಯಿರಿ. ಹೀಗೆ ತೆಗೆಯುವುದಕ್ಕೆ ನನ್ನ ತಕರಾರಿಲ್ಲ, ಕೈಯಿಂದ ಫೈಲು ಅಳಿಸುವುದಕ್ಕೆ ಮಾತ್ರ ತಕರಾರು.

ಪೈಥಾನ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ವಿಂಡೋಸ್‌ನಲ್ಲಿ 'ಪೈಥಾನ್' ಅಂದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡರೆ, ಅಲ್ಲಿ ಓಗೊಟ್ಟದ್ದು ಸ್ಟೋರಿನ ಚಿಕ್ಕ ಫೈಲು. ಸ್ಟಾರ್ಟ್‌ನಲ್ಲಿ 'ಮ್ಯಾನೇಜ್ ಆ್ಯಪ್ ಎಕ್ಸಿಕ್ಯೂಷನ್ ಅಲಿಯಾಸಸ್' ಅಂತ ಹುಡುಕಿ, ಪೈಥಾನ್ ಮುಂದಿನ ಗುಂಡಿಯನ್ನು ಆಫ್ ಮಾಡಿ. ಪೈಥಾನ್‌ಗೆ ಪ್ಯಾಕೇಜ್ ತರುವ ಪಿಪ್ ಬಳಸುವಾಗ ಬರೀ 'ಪಿಪ್' ಅನ್ನಬೇಡಿ. 'ಪೈಥಾನ್ -ಎಂ ಪಿಪ್' ಅನ್ನಿ. ಯಾವ ಪೈಥಾನ್ ಓಗೊಡುತ್ತದೋ ಅದರ ಪಿಪ್‌ಗೇ ಕೆಲಸ ಹೋಗುತ್ತದೆ.

ಹಂತ 6: ಕಿಟಕಿ ಮುಚ್ಚಿ ಮತ್ತೆ ತೆರೆಯಿರಿ

ಪಾತ್ ಬದಲಿಸಿದ್ದು ಆಗಲೇ ತೆರೆದಿದ್ದ ಕಮಾಂಡ್ ಕಿಟಕಿಗೆ ಗೊತ್ತಾಗುವುದಿಲ್ಲ. ಎಲ್ಲಾ ಸರಿ ಮಾಡಿ, ಹಳೇ ಕಿಟಕಿಯಲ್ಲೇ ಪರೀಕ್ಷಿಸಿ, 'ಆಗಲಿಲ್ಲ' ಅಂತ ಕೈಬಿಟ್ಟವರು ತುಂಬ ಜನ. ಲಿನಕ್ಸ್‌ನ ಬ್ಯಾಶ್ ಒಮ್ಮೆ ಸಿಕ್ಕ ವಿಳಾಸವನ್ನು ನೆನಪಿಟ್ಟುಕೊಂಡು ಅಲ್ಲಿಗೇ ಹೋಗುತ್ತದೆ. 'ಹ್ಯಾಶ್ -ಆರ್' ಕೊಟ್ಟರೆ ಆ ನೆನಪು ಅಳಿದು ಹೊಸದಾಗಿ ಹುಡುಕುತ್ತದೆ.

ಇಷ್ಟಾದರೂ ಆಗದಿದ್ದರೆ ಬಲ್ಲವರನ್ನು ಕೇಳಿ. ಕೇಳುವಾಗ 'ನಡೀವಲ್ದು' ಅಂತ ಮಾತ್ರ ಹೇಳಬೇಡಿ. ನೀವು ಟೈಪ್ ಮಾಡಿದ ಪೂರ್ತಿ ಸಾಲು, ಬಂದ ಉತ್ತರ, ಮತ್ತು 'ವೇರ್' ಅಥವಾ 'ಟೈಪ್ -ಎ' ತೋರಿಸಿದ ವಿಳಾಸಗಳನ್ನು ಮೊಬೈಲಿನಲ್ಲಿ ಫೋಟೊ ಹೊಡೆದು ಕಳಿಸಿ. ಆ ಹುಡುಗ ಈಗ ಹಾಗೇ ಮಾಡುತ್ತಾನೆ. ಹೋದ ವಾರ ಅವನ ಗೆಳೆಯನ ಲ್ಯಾಪ್‌ಟಾಪಿನ ಫೋಟೊ ಕಳಿಸಿದ್ದ. ನಾನು ತೆರೆದು ನೋಡುವಷ್ಟರಲ್ಲಿ ಕೆಳಗೇ ಬರೆದಿದ್ದ: "ಬ್ಯಾಡ್ರಿ ಅಣ್ಣಾ, ಸಿಕ್ತು. ಮೊದಲ್ನೇ ಸಾಲಿನಾಗ ಬ್ಯಾರೆ ಪೈಥಾನ್ ಇತ್ತು."