೯ ಅಂಕಿಯೋ, ಅರ್ಕಾವತ್ತೋ? ನನ್ನ ಕಾಪಿಲೆಫ್ಟ್ ಅನುಭವ

ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೇ ಫೈಲುಗಳನ್ನು ಈಗ ಎಲ್ಲ ಕಡೆ ನಡೆಯುವ ಯುನಿಕೋಡ್‌ಗೆ ಬದಲಿಸುವ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೆ. ಪೈಥಾನ್‌ನಲ್ಲಿ, ನನ್ನದೇ ಉಪಯೋಗಕ್ಕೆ. ಜಾಸ್ತಿ ಕಾಡಿದ್ದು ಅರ್ಕಾವತ್ತು. ನುಡಿ ಫೈಲಿನಲ್ಲಿ ಅದು ಅಕ್ಷರ ಆದ ಮೇಲೆ ಬರುತ್ತದೆ. ಯುನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಅದನ್ನು ಹೇಗೋ ಸರಿಮಾಡಿದೆ. ಆದರೆ ನಮ್ಮಲ್ಲಿ ಎಷ್ಟೋ ಜನ ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ೯ ಅಂಕಿಯನ್ನೇ ಒತ್ತಿಬಿಡುತ್ತಾರಲ್ಲ, ‘ಕನಾ೯ಟಕ’ ಅಂತ? ನನ್ನ ಪ್ರೋಗ್ರಾಂ ಕಂಡ ಕಂಡ ೯ ಅನ್ನೆಲ್ಲ ಅರ್ಕಾವತ್ತು ಮಾಡುತ್ತಿತ್ತು. ‘೧೯೯೨’ರಂಥ ಇಸವಿಗಳು ಕುಲಗೆಟ್ಟು ಹೋಗುತ್ತಿದ್ದವು.

ಕೋಡನ್ನು ಎಲ್ಲರಿಗೂ ಬಿಟ್ಟಾಗ ಎಂಐಟಿ ಲೈಸೆನ್ಸ್ ಹಾಕಿದ್ದೆ. ಚಿಕ್ಕದಾಗಿತ್ತು, ಎಲ್ಲರೂ ಹಾಕುತ್ತಿದ್ದರು, ಅಷ್ಟೇ. ವರ್ಷದ ಮೇಲೆ ಒಂದು ಕಂಪನಿಯ ತಂತ್ರಾಂಶದಲ್ಲಿ ನನ್ನ ಕೋಡ್ ಕಾಣಿಸಿತು. ಹೆಲ್ಪ್ ಮೆನುವಿನಲ್ಲಿ ನನ್ನ ಹೆಸರೂ ಇತ್ತು. ಖುಷಿಯಾಯಿತು. ಸುಮ್ನೆ ‘೧೯೯೨’ ಹಾಕಿ ನೋಡಿದೆ. ಸರಿಯಾಗಿ ಬಂತು! ಆ ತಿದ್ದುಪಡಿ ಕೊಡ್ತೀರಾ ಅಂತ ಮೇಲ್ ಹಾಕಿದೆ. ಆಗುವುದಿಲ್ಲ ಎಂದರು. ಅವರದು ತಪ್ಪೇನಿಲ್ಲ. ಹೆಸರು ಉಳಿಸಿಕೊಂಡು ಏನು ಬೇಕಾದರೂ ಮಾಡಿ ಎಂದು ಬರೆದುಕೊಟ್ಟವನು ನಾನೇ ಅಲ್ವಾ?

ದೊಡ್ಡವರಿಗೂ ಹೀಗೆ ಆಗಿದೆ. ಪ್ರೊಫೆಸರ್ ಆಂಡ್ರ್ಯೂ ಟ್ಯಾನೆನ್‌ಬಾಮ್ ಅವರ ಮಿನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ, ಎಂಐಟಿಯಂತೆಯೇ ಸಡಿಲವಾದ ಬಿಎಸ್‌ಡಿ ಲೈಸೆನ್ಸ್‌ನಲ್ಲಿತ್ತು. ಇಂಟೆಲ್ ಅದನ್ನು ತನ್ನ ಚಿಪ್‌ಗಳಲ್ಲಿ ಅಡಗಿರುವ ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ ಪುಟ್ಟ ಕಂಪ್ಯೂಟರಿನ ಒಳಗೆ ಇಟ್ಟಿತ್ತು. ಟ್ಯಾನೆನ್‌ಬಾಮ್‌ಗೆ ಇದು ಗೊತ್ತಾಗಿದ್ದು 2017ರಲ್ಲಿ. ಅವರೇನೂ ಸಿಟ್ಟಾಗಲಿಲ್ಲ, ಒಂದು ಮಾತು ಹೇಳಿದ್ದರೆ ಚೆನ್ನಾಗಿತ್ತು ಎಂದರು ಅಷ್ಟೇ. ಇದಕ್ಕೆ ಎದುರಾದ ಕಥೆ ಲಿಂಕ್‌ಸಿಸ್ ರೂಟರಿನದು. ಜಿಪಿಎಲ್ ಎನ್ನುವುದು ಕಾಪಿಲೆಫ್ಟ್ ಲೈಸೆನ್ಸ್: ಕೋಡನ್ನು ತಿದ್ದಿ ಹಂಚಿದರೆ ಅದರ ಸೋರ್ಸ್ ಕೋಡನ್ನೂ, ಅಂದರೆ ಪ್ರೋಗ್ರಾಮಿನ ಮೂಲ ಬರಹವನ್ನೂ, ಅದೇ ಷರತ್ತಿನಲ್ಲಿ ಕೊಡಬೇಕು. 2003ರಲ್ಲಿ ಅದರೊಳಗೆ ಜಿಪಿಎಲ್ ಕೋಡ್ ಇರುವುದು ಗೊತ್ತಾಗಿ, ಕಂಪನಿ ಸೋರ್ಸ್ ಕೋಡ್ ಹೊರಗೆ ಬಿಡಬೇಕಾಯಿತು. ಅದನ್ನೇ ಹಿಡಿದು ಮುಂದಿನ ವರ್ಷ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ರೂಟರ್ ತಂತ್ರಾಂಶ ಹುಟ್ಟಿತು.

ನಾನೂ ಜಿಪಿಎಲ್ ಮೂರನೇ ಆವೃತ್ತಿಗೆ ಬದಲಾಯಿಸಿದೆ. ನನ್ನ ಕೋಡಿಗೆ ಇಬ್ಬರು ಪ್ಯಾಚ್ (ತಿದ್ದುಪಡಿ) ಕಳಿಸಿದ್ದರು, ಅವರ ಒಪ್ಪಿಗೆ ಬೇಕೇನೋ ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ಬೇಕಿರಲಿಲ್ಲ. ಎಂಐಟಿ ಕೋಡನ್ನು ಜಿಪಿಎಲ್ ಕೋಡಿನೊಳಗೆ ಸೇರಿಸಬಹುದು, ಹಳೇ ನೋಟಿಸ್ ಅಳಿಸಬಾರದು ಅಷ್ಟೇ. ಆದರೂ ಇಬ್ಬರಿಗೂ ತಿಳಿಸಿದೆ. ಹಳೇ ಆವೃತ್ತಿಗಳನ್ನು ಮಾತ್ರ ವಾಪಸ್ ತಗೊಳ್ಳೋಕೆ ಆಗಲ್ಲ. ಅವು ಎಂದೆಂದಿಗೂ ಎಂಐಟಿಯೇ. ಅಕ್ಷರಗಳನ್ನು ಹೊಂದಿಸುವ ಪಟ್ಟಿಯನ್ನೂ ಬೇಕೆಂದೇ ಎಂಐಟಿಯಲ್ಲೇ ಬಿಟ್ಟೆ. ಅದು ಎಲ್ಲರ ಕೈಗೂ ಸಿಗಲಿ.

ಜಿಪಿಎಲ್ ಎಂದರೆ ದುಡ್ಡು ತಗೊಳ್ಳುವ ಹಾಗಿಲ್ಲ ಎಂದು ಇನ್ನೂ ಕೇಳುತ್ತಾರೆ. ಧಾರಾಳವಾಗಿ ಮಾರಬಹುದು. ಕೊಂಡವರಿಗೆ ಸೋರ್ಸ್ ಕೋಡ್ ಸಿಗಬೇಕು, ಅದನ್ನು ತಿದ್ದಿ ಹಂಚುವ ಹಕ್ಕೂ ಸಿಗಬೇಕು.

ಕೊಂಡವರಿಗೆ ಎನ್ನುವ ಮಾತಿನ ಬೆಲೆ ನನಗೆ ಆಮೇಲೆ ಗೊತ್ತಾಯಿತು. ಗದಗಿನಲ್ಲಿ ಪ್ರೆಸ್ ಇಟ್ಟಿರುವ ಗೆಳೆಯನೊಬ್ಬ ಬೇರೊಂದು ಕಂಪನಿಯ ಕನ್ವರ್ಟರ್ ಕೊಂಡಿದ್ದ. ಕೆಲಸ ಮುಗಿದಾಗ ಅದು ‘ಪರಿವರ್ತನೆ ಮುಗಿತು’ ಎನ್ನುತ್ತಿತ್ತು. ‘ಮುಗಿಯಿತು’ ಎಂದು ಬರೆಯಲು ಬಾರದವನು ನಾನು. ನನ್ನ ತಪ್ಪನ್ನೂ ಹಾಗೇ ಎತ್ತಿಕೊಂಡಿದ್ದರು. ಹೆಸರು, ಲೈಸೆನ್ಸ್, ಸೋರ್ಸ್ ಯಾವುದೂ ಇರಲಿಲ್ಲ.

“ಏನ್ ಬರೀಬೇಕ್ ಹೇಳೋ ಮಾರಾಯಾ, ನಾ ಕಳಸ್ತೀನಿ” ಎಂದ ಗೆಳೆಯ. ಅವನು ಗಿರಾಕಿಯಾಗಿ ಸೋರ್ಸ್ ಕೇಳಿದ. ಕೋಡಿನ ಕಾಪಿರೈಟ್ ಇರುವವನಾಗಿ ನಾನೂ ಬರೆದೆ. ಕೇಸು, ವಕೀಲರು ಅಂತ ಹೆದರಿಸಲಿಲ್ಲ. ಜಿಪಿಎಲ್‌ನ ಎಂಟನೇ ಸೆಕ್ಷನ್ ತೋರಿಸಿದೆ: ಇದು ಮೊದಲ ತಪ್ಪು, ನೋಟಿಸ್ ಸಿಕ್ಕ 30 ದಿನದೊಳಗೆ ಸರಿಮಾಡಿಕೊಂಡರೆ ನಿಮ್ಮ ಹಕ್ಕು ಪೂರ್ತಿ ವಾಪಸ್ ಬರುತ್ತದೆ. ಈ ಸಾಲು ಬಹಳ ಕೆಲಸ ಮಾಡಿತು. ಜಗಳಕ್ಕೆ ಬಂದವನಲ್ಲ ಎಂದು ಅವರಿಗೂ ಅನಿಸಿರಬೇಕು. ಮೂರನೇ ವಾರ ಗೆಳೆಯನಿಗೆ ಜಿಪ್ ಫೈಲ್ ಬಂತು. ಅವನು ನನಗೆ ಕಳಿಸಿದ.

ಇದನ್ನೇ ಅವರು ಸರ್ವರ್‌ನಲ್ಲಿಟ್ಟು ವೆಬ್‌ಸೈಟ್ ಮೂಲಕ ನಡೆಸಿದ್ದರೆ ನನಗೇನೂ ಸಿಗುತ್ತಿರಲಿಲ್ಲ. ಅಲ್ಲಿ ಪ್ರೋಗ್ರಾಂ ಯಾರ ಕೈಗೂ ಹೋಗುವುದಿಲ್ಲ. ಜಿಪಿಎಲ್‌ನ ಷರತ್ತು ಶುರುವಾಗುವುದು ಹಂಚಿದಾಗ. ಈ ಸಂದಿಯನ್ನು ಮುಚ್ಚುವುದು ಎಜಿಪಿಎಲ್: ಕೋಡ್ ತಿದ್ದಿ ನೆಟ್‌ವರ್ಕ್ ಮೂಲಕ ಜನರಿಗೆ ಒದಗಿಸಿದರೂ ಆ ಬಳಕೆದಾರರಿಗೆ ಸೋರ್ಸ್ ಕೊಡಬೇಕು. ಈಗ ನಾನು ಅದರಲ್ಲೇ ಇದ್ದೇನೆ. ಎಜಿಪಿಎಲ್ ಎಂದ ಕೂಡಲೇ ಕೆಲವು ಕಂಪನಿಗಳು ಹತ್ತಿರ ಸುಳಿಯುವುದಿಲ್ಲ. ಅದು ಗೊತ್ತಿದ್ದೇ ಹಾಕಿದ್ದು.

ಜಿಪ್ ಫೈಲಿನಲ್ಲಿ ೯ರ ಗಂಟೂ ಬಿಡಿಸಿತ್ತು! ಪಕ್ಕದಲ್ಲಿ ಇನ್ನೊಂದು ಅಂಕಿ ಇದ್ದರೆ ಅದು ಅಂಕಿ. ಪದದ ಮೊದಲಿಗೇ ಬಂದರೂ ಅಂಕಿ, ಯಾಕೆಂದರೆ ಅರ್ಕಾವತ್ತು ಅಲ್ಲಿ ಬರುವುದಿಲ್ಲ. ಉಳಿದದ್ದೆಲ್ಲ ಅರ್ಕಾವತ್ತು. ಆರು ಸಾಲಿನ ಕೋಡ್. ನನಗೆ ಯಾಕೆ ಹೊಳೆಯಲಿಲ್ಲವೋ! ಅದೇ ರಾತ್ರಿ ಸೇರಿಸಿದೆ. ಬೆಳಿಗ್ಗೆ ಗೆಳೆಯನ ಫೋನ್. ಯಾರೋ ಜಾಗ ಬಿಡದೆ ‘ಪುಟ೯’ ಎಂದು ಟೈಪ್ ಮಾಡಿದ್ದರು, ಅದು ‘ಪುರ್ಟ’ ಆಗಿ ಬಂದಿತ್ತು.