ಮೆಣಸಿನಕಾಯಿ ಬಿಟ್ಟೆ, ಕಣ್ಣಿನ ರೆಪ್ಪೆ ಹಿಡಿದೆ

ನಮ್ಮ ಕಾಕಾನ ಪ್ರಕಾರ ಹೊಟ್ಟೆಯ ಹುಳುವಿಗೆ ಮದ್ದು ಒಂದೇ, ಖಾರ. ಮನುಷ್ಯನಿಗಾದರೆ ರೊಟ್ಟಿಯ ಜೊತೆ ನಾಲ್ಕು ಹಸಿಮೆಣಸಿನಕಾಯಿ. ಕುರಿಗಾದರೆ ಒಣಗಾಯಿ ಅರೆದು, ಮಜ್ಜಿಗೆಯಲ್ಲಿ ಕದಡಿ, ಗೊಟ್ಟದಿಂದ ಬಾಯಿಗೆ ಹೊಯ್ಯುವುದು. ಸಿರುಗುಪ್ಪ, ಕಂಪ್ಲಿ ಕಡೆಯ ಹೊಲಗಳಲ್ಲಿ ಹಟ್ಟಿ ಹಾಕಿದಾಗ ಬಣ್ಣಗೆಟ್ಟ ಕಾಯಿ ಪುಕ್ಕಟೆ ಸಿಗುತ್ತಿತ್ತು, ಹಾಗಾಗಿ ಮದ್ದಿಗೆ ಕಾಸೂ ಖರ್ಚಿರಲಿಲ್ಲ. ಹತ್ತು ವರ್ಷ ನಾನೂ ಅದನ್ನೇ ಮಾಡಿದೆ. ಆಮೇಲೆ ಅದನ್ನು ಬಿಟ್ಟು, ಹಿಂಡಿಗೆಲ್ಲ ಔಷಧಿ ಹಾಕುವುದನ್ನೂ ಬಿಟ್ಟಾಗ ನಮ್ಮ ಕುಷ್ಟಗಿ ಕಡೆಯ ಕುರಿಗಾರರು ನಕ್ಕರು. ಔಷಧಿಯ ದುಡ್ಡು ಉಳಿಸಲು ಹೋಗಿ ಕುರಿ ಕಳೆದುಕೊಳ್ಳುತ್ತಾನೆ ಎಂದರು. ಮೂರು ಮಳೆಗಾಲ ದಾಟಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಆಗ ನನ್ನ ಹಿಂಡು 110ರ ಆಸುಪಾಸು, ಹೆಚ್ಚಿನವು ಕೆಂಗುರಿ. ಭತ್ತದ ಕೊಯ್ಲು ಮುಗಿದೊಡನೆ ಕಾರಟಗಿ ಕಡೆ ತುಂಗಭದ್ರಾ ಕಾಲುವೆಯ ಬಯಲಿಗೆ ಇಳಿಯುವುದು, ಮುಂಗಾರಿಗೆ ಮತ್ತೆ ನಮ್ಮ ಮಸಾರಿಗೆ, ಅಂದರೆ ಕೆಂಪು ಮಣ್ಣಿನ ಹೊಲಗಳಿಗೆ, ಏರುವುದು. ಕಾಲುವೆಯ ಹಸಿರು ತಿಂದು ಬಂದ ಕುರಿಗೆ ಮೊದಲ ಮಳೆಯ ಹುಲ್ಲು ಸಿಕ್ಕರೆ ಹೊಟ್ಟೆಯಲ್ಲಿ ಹುಳು ಹೇಗೆ ಹೆಚ್ಚುತ್ತದೆಂದು ಈ ಕಸುಬಿನವರಿಗೆ ಹೇಳಬೇಕಿಲ್ಲ. ಆ ವರ್ಷ ಮಳೆ ಬಿಡದೆ ಹಿಡಿಯಿತು. ಇಪ್ಪತ್ತಕ್ಕೂ ಹೆಚ್ಚು ಕುರಿಗಳ ಗದ್ದದಡಿ ನೀರು ತುಂಬಿ ಚೀಲದಂತೆ ಜೋತುಬಿತ್ತು, ಹುಳು ಹೆಚ್ಚಾದ ಗುರುತು ಅದು.

ಕಾಕಾ ಖಾರದ ಮಜ್ಜಿಗೆ ಕಲಸಿದರು. ನಾನು ತಲೆ ಎತ್ತಿ ಹಿಡಿದೆ, ಅವರು ಹೊಯ್ದರು. ಮರಿಗಳು ಉರಿ ತಾಳದೆ ಕೊಸರಾಡಿ ಉಸಿರೆಳೆದುಕೊಂಡವು. ಖಾರ ಹೊಟ್ಟೆಗೆ ಇಳಿಯುವ ಬದಲು ಪುಪ್ಪುಸಕ್ಕೆ ಇಳಿಯಿತು. ರಾತ್ರಿಯಿಡೀ ಗೊರಗೊರ ಸದ್ದು, ಮೂಗಿನಲ್ಲಿ ಕೆಂಪು ನೊರೆ. ಮೂರು ದಿನದಲ್ಲಿ ಐದು ಮರಿ ಹೋದವು. ಅದರ ಹಿಂದೆಯೇ ನಾಲ್ಕು ದೊಡ್ಡ ಕುರಿಗಳು, ಅವು ಹುಳುವಿನಿಂದಲೇ. ಆಗಿನ ಸಂತೆಯ ದರದಲ್ಲಿ ಅರವತ್ತು ಸಾವಿರದ ಹತ್ತಿರ.

ಸತ್ತ ಒಂದನ್ನು ಪಶು ವೈದ್ಯರು ನನ್ನೆದುರೇ ಕೊಯ್ದರು. ಕುರಿಯ ನಾಲ್ಕು ಹೊಟ್ಟೆಗಳಲ್ಲಿ ಕೊನೆಯದನ್ನು ಬಿಚ್ಚಿದಾಗ ಒಳಗೋಡೆಯ ತುಂಬ ಕೂದಲಿನಂಥ ಹುಳುಗಳು, ಬಿಳಿ ದಾರವನ್ನೂ ಕೆಂಪು ದಾರವನ್ನೂ ಸೇರಿಸಿ ಹೊಸೆದ ಹಾಗೆ. ಆ ಕೆಂಪು ನನ್ನ ಕುರಿಯ ರಕ್ತ. ಹಿಕ್ಕೆಯಲ್ಲಿ ಅನ್ನದ ಅಗುಳಿನಂತೆ ಬೀಳುವ ಲಾಡಿಹುಳುವನ್ನು ನೋಡಿ ನಾವು ಹೆದರುತ್ತೇವೆ. ಕುರಿಯನ್ನು ಕೊಲ್ಲುವುದು ಹೆಚ್ಚಾಗಿ ಕಣ್ಣಿಗೆ ಬೀಳದ ಈ ಕೂದಲುಹುಳು.

ಆದರೂ ಕಾಕಾನ ಮೇಲಿನ ಗೌರವಕ್ಕೆ ಖಾರಕ್ಕೆ ಇನ್ನೊಂದು ಅವಕಾಶ ಕೊಟ್ಟೆ. ಮೂವತ್ತು ಕುರಿಗಳ ಕೊರಳಿಗೆ ಮೂರು ಬಣ್ಣದ ದಾರ ಕಟ್ಟಿದೆ. ಹತ್ತಕ್ಕೆ ಖಾರದ ಪುಡಿಯನ್ನು ಬೆಲ್ಲದ ಉಂಡೆಯಲ್ಲಿಟ್ಟು ತಿನ್ನಿಸಿದೆ, ಹತ್ತಕ್ಕೆ ಅಲ್ಬೆಂಡಜೋಲ್ ಎಂಬ ಹುಳುವಿನ ಔಷಧಿ, ಹತ್ತಕ್ಕೆ ಏನೂ ಇಲ್ಲ. ಮೊದಲ ದಿನ ಮತ್ತು ಹತ್ತು ದಿನಗಳ ನಂತರ ಹಿಕ್ಕೆಯನ್ನು ನೇರ ಗುದದಿಂದಲೇ ತೆಗೆದು, ಗಾಳಿ ಹಿಂಡಿ ಚೀಲ ಕಟ್ಟಿ ಆಸ್ಪತ್ರೆಗೆ ಒಯ್ದೆ. ವೈದ್ಯರು ಗಟ್ಟಿ ಉಪ್ಪುನೀರಿನಲ್ಲಿ ಮೊಟ್ಟೆ ತೇಲಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಖಾರ ತಿಂದವಕ್ಕೂ ಏನೂ ತಿನ್ನದವಕ್ಕೂ ವ್ಯತ್ಯಾಸವೇ ಇಲ್ಲ. ಹತ್ತು ಲೀಟರಿಗೂ ಮೇಲೆ ಹಿಡಿಯುವ ಮೊದಲ ಹೊಟ್ಟೆಯನ್ನು ದಾಟಿ ಆ ಚಿಟಿಕೆ ಪುಡಿ ನಾಲ್ಕನೆಯದರಲ್ಲಿ ಯಾರನ್ನು ಸುಟ್ಟೀತು? ನನಗೆ ಬೇಸರ ತಂದದ್ದು ಬೇರೆ. ಔಷಧಿ ಕುಡಿದವುಗಳಲ್ಲೂ ನಾಲ್ಕೈದರಲ್ಲಿ ಮೊಟ್ಟೆಗಳು ಹಾಗೇ ಇದ್ದವು.

ತಪ್ಪು ನನ್ನದು. ಸೀಸೆಯ ಮುಚ್ಚಳವೇ ನನ್ನ ಅಳತೆಯಾಗಿತ್ತು, ಟಗರಿಗೂ ಅಷ್ಟೇ, ಮರಿಗೂ ಅಷ್ಟೇ. ಕಡಿಮೆ ಬಿದ್ದ ಔಷಧಿಗೆ ಗಟ್ಟಿ ಹುಳುಗಳು ಉಳಿದು ಅವುಗಳದ್ದೇ ಸಂತಾನ ಬೆಳೆಯುತ್ತದೆ. ಆರುನೂರೋ ಏಳುನೂರೋ ಕೊಟ್ಟು ತೂಗುವ ಸ್ಪ್ರಿಂಗ್ ತಕ್ಕಡಿ ತಂದೆ. ಶೇಕಡಾ 2.5ರ ಅಲ್ಬೆಂಡಜೋಲ್ ಆದರೆ 30 ಕಿಲೋ ಕುರಿಗೆ ಸುಮಾರು 9 ಮಿಲಿ. ಸೀಸೆ ಬದಲಾದರೆ ಲೆಕ್ಕವೂ ಬದಲಾಗುತ್ತದೆ, ವೈದ್ಯರನ್ನು ಕೇಳಿಯೇ ಹಾಕಿ. ಗಬ್ಬದ ಮೊದಲ ತಿಂಗಳಲ್ಲಿ ಇದನ್ನು ಮುಟ್ಟಬೇಡಿ. ಆ ಪಾಠಕ್ಕೂ ಎರಡು ಮರಿ ತೆತ್ತಿದ್ದೇನೆ.

ಇಷ್ಟಾದ ಮೇಲೆ ವೈದ್ಯರು ಹೇಳಿದ ಮಾತು, ಎಲ್ಲಕ್ಕೂ ಹಾಕಬೇಡ, ಕಣ್ಣು ನೋಡಿ ಹಾಕು. ದಕ್ಷಿಣ ಆಫ್ರಿಕಾದವರು ಇದಕ್ಕಾಗಿ ಫಮಾಚಾ ಎಂಬ ಐದು ಬಣ್ಣದ ಚೀಟಿ ಮಾಡಿದ್ದಾರೆ. ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಗಿನ ಬಣ್ಣವನ್ನು ಚೀಟಿಗೆ ಹೋಲಿಸುವುದು. ರಕ್ತ ಹೀರುವ ಹುಳುವಿದ್ದರೆ ಕೆಂಪು ಇಳಿದು ಬೆಳ್ಳಗಾಗುತ್ತದೆ. ನನ್ನ ಅಣ್ಣನ ಮಗನಿಗೆ ಚೀಟಿ ತಲೆಗೆ ಹೋಗಲಿಲ್ಲ. ನಾನು ಮೆಣಸಿನಕಾಯಿ ಹರಡಿ ಕೂರಿಸಿದೆ: ಹಣ್ಣುಗಾಯಿಯ ಕೆಂಪಿದ್ದರೆ ಬಿಟ್ಟುಬಿಡು, ಬಿಸಿಲಿಗೆ ಬಣ್ಣ ಹಾರಿದ ಕಾಯಿಯಂತಿದ್ದರೆ ಹಿಡಿದು ಕಟ್ಟು. ಒಂದೇ ದಿನದಲ್ಲಿ ಕಲಿತ. ಹುಳುವಿನ ವಿಷಯದಲ್ಲಿ ಮೆಣಸಿನಕಾಯಿಯಿಂದ ನನಗಾದ ಉಪಕಾರ ಇದೊಂದೇ. ಕಣ್ಣು ನೋಡಬೇಕಾದದ್ದು ಬಯಲ ಬೆಳಕಿನಲ್ಲಿ, ಹಟ್ಟಿಯ ನೆರಳಿನಲ್ಲಿ ಅಲ್ಲ. ಮಧ್ಯದ ಬಣ್ಣವಿದ್ದ ಕುರಿಗೆ ಔಷಧಿ ಹಾಕಬೇಕೋ ಬಿಡಬೇಕೋ ಎಂದು ತೀರ್ಮಾನಿಸಲು ನಾನು ಇನ್ನೊಂದು ಜಾಗ ಮುಟ್ಟಿ ನೋಡುತ್ತೇನೆ. ಅದನ್ನು ಬರೆಯುವುದಿಲ್ಲ, ಹಟ್ಟಿಗೆ ಬಂದವರಿಗೆ ತೋರಿಸುತ್ತೇನೆ. ಲಾಡಿಹುಳುವಿನಂಥ ರಕ್ತ ಹೀರದ ಹುಳುಗಳು ಕಣ್ಣಿನಲ್ಲಿ ತಿಳಿಯುವುದಿಲ್ಲ.

ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಇಡೀ ಹಿಂಡಿನ ಕಣ್ಣು ನೋಡುತ್ತೇನೆ, ಇಬ್ಬರಿದ್ದರೆ ಒಂದೂವರೆ ತಾಸಿನ ಕೆಲಸ. ಔಷಧಿ ಬೀಳುವುದು ಇಪ್ಪತ್ತಕ್ಕೋ ಇಪ್ಪತ್ತೈದಕ್ಕೋ. ಮೊದಲು ಹಿಂಡಿಗೆಲ್ಲ ಹೊಯ್ಯುವಾಗ ವರ್ಷಕ್ಕೆ ಹತ್ತು ಹನ್ನೆರಡು ಸಾವಿರ ಆಗುತ್ತಿತ್ತು, ಈಗ ಮೂರು ಸಾವಿರ ದಾಟುವುದಿಲ್ಲ. ಜೊತೆಗೆ ಇಬ್ಬನಿ ಆರುವವರೆಗೆ ಹಿಂಡು ಬಿಡುವುದಿಲ್ಲ, ಮಳೆಯ ದಿನಗಳಲ್ಲಿ ಒಂದೇ ಜಾಗದಲ್ಲಿ ನಾಲ್ಕೈದು ದಿನಕ್ಕಿಂತ ಹೆಚ್ಚು ಮೇಯಿಸುವುದಿಲ್ಲ. ಹಿಕ್ಕೆಯ ಮೊಟ್ಟೆ ಒಡೆದು ಮರಿಹುಳು ಹುಲ್ಲಿಗೆ ಹತ್ತುವಷ್ಟರಲ್ಲಿ ನಾವು ಅಲ್ಲಿರಬಾರದು. ಕಳೆದ ಮುಂಗಾರಿನಲ್ಲಿ ಹುಳುವಿಗೆ ಒಂದೂ ಕುರಿ ಸಾಯಲಿಲ್ಲ. ನಕ್ಕವರಲ್ಲಿ ಮೂವರು ಈಗ ಬಂದು ತಕ್ಕಡಿ ಕೇಳಿ ಒಯ್ಯುತ್ತಾರೆ.

ನಡುವೆ ಕೋಳಿಗೂ ಖಾರ ಹಾಕಿ ನೋಡಿದೆ. ಮೆಣಸಿನ ಬೀಜವನ್ನು ಜೋಳದಂತೆ ಹೆಕ್ಕಿ ತಿಂದವು, ಹಕ್ಕಿಗಳಿಗೆ ಆ ಉರಿ ತಿಳಿಯುವುದೇ ಇಲ್ಲ. ಕೊಯ್ದಾಗ ಕರುಳಿನಲ್ಲಿ ಶಾವಿಗೆಯಂಥ ಹುಳುಗಳು ಆರಾಮವಾಗಿದ್ದವು.

ಮನುಷ್ಯರ ಮಾತಿಗೆ ಬಂದರೆ, ನಮ್ಮಷ್ಟು ಖಾರ ತಿನ್ನುವವರು ಯಾರಿದ್ದಾರೆ? ಆದರೂ 2015ರಿಂದ ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಜಂತುಹುಳುವಿನ ಮಾತ್ರೆ ಕೊಡುತ್ತಿದ್ದಾರೆ. ಅದೂ ಅಲ್ಬೆಂಡಜೋಲೇ, ಎರಡು ವರ್ಷ ದಾಟಿದವರಿಗೆ 400 ಮಿಲಿಗ್ರಾಂ. ಕಾಕಾನ ಮೊಮ್ಮಗಳೂ ಅದನ್ನೇ ಜಗಿಯುತ್ತಾಳೆ. ಕುರಿಯ ಔಷಧಿ ಕುರಿಗೇ ಇರಲಿ, ಮಕ್ಕಳಿಗೆ ಮಾತ್ರೆ ಪುಕ್ಕಟೆಯಾಗಿಯೇ ಸಿಗುತ್ತದೆ.

ಕಾಕಾ ಸೋಲೊಪ್ಪಿಲ್ಲ. ಹೋದ ಅಮಾವಾಸ್ಯೆಯ ಮುಂಚಿನ ದಿನ ಒಂದು ಹೆಣ್ಣುಕುರಿಯನ್ನು ಕಿವಿ ಹಿಡಿದು ಎಳೆದು ತಂದರು. "ಇದಕ್ಕೆ ಖಾರ ಹಾಕಿದ್ದೇನೆ, ವಾಸಿಯಾಗುತ್ತದೆ. ಆದರೂ ನೀನೊಮ್ಮೆ ಕಣ್ಣು ನೋಡು" ಎಂದರು. ರೆಪ್ಪೆ ಎಳೆದೆ. ಸುಣ್ಣದಂತಿತ್ತು. ಏನೂ ಹೇಳದೆ ತೂಗಿದೆ, 26 ಕಿಲೋ. ನಾನು ಸಿರಿಂಜಿಗೆ ಔಷಧಿ ಎಳೆದುಕೊಳ್ಳುವಾಗ ಕಾಕಾ ಬೀಡಿ ಹಚ್ಚಿಕೊಂಡು ಆ ಕಡೆ ತಿರುಗಿ ನಿಂತರು.